ಬಚ್ಚಲ ನೀರು ನಿಂತ ಮೇಲೆ ಹಕ್ಕಿಗಳೆಲ್ಲಿ ಹೋದವು?

ಏಪ್ರಿಲ್ ಎರಡನೇ ವಾರ ದಾಟಿತು ಅಂದ್ರೆ ಸಾಕು, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಟ್ಯಾಂಕರ್ ಬಂತಾ, ಪವರ್ ಹೋಯ್ತಾ ಅನ್ನೋ ಮೆಸೇಜುಗಳ ನಡುವೆ ಒಂದು ಬೇರೆ ಥರದ ಪ್ರಶ್ನೆ ಬರುತ್ತೆ. "ಈ ಸಲ ಹಕ್ಕಿಗಳೇ ಕಾಣಿಸ್ತಿಲ್ವಲ್ಲ, ಯಾರಾದ್ರೂ ಗಮನಿಸಿದ್ರಾ?" ಅದರ ಕೆಳಗೆ ಎರಡು ಅಳುಮುಖದ ಇಮೋಜಿ. ಒಬ್ಬರು ಮೊಬೈಲ್ ಟವರ್ ಕಾರಣ ಅಂತಾರೆ. ಇನ್ನೊಬ್ಬರು ಎಲ್ಲ ಕೆರೆ ಕಡೆ ಹೋಗಿರಬೇಕು ಅಂತಾರೆ. ಮತ್ತೊಬ್ಬರು ಬಾಲ್ಕನಿಯಲ್ಲಿ ನೀರಿಟ್ಟ ಬಟ್ಟಲಿನ ಫೋಟೋ ಹಾಕ್ತಾರೆ, ಅದಕ್ಕೆ ಹತ್ತು ಹಾರ್ಟ್ ಬೀಳುತ್ತೆ. ಅಲ್ಲಿಗೆ ಚರ್ಚೆ ಮುಗೀತು.

ಪ್ರಶ್ನೆ ಮಾತ್ರ ಒಳ್ಳೆಯದು. ಅದಕ್ಕೆ ಒಂದೇ ಉತ್ತರ ಇಲ್ಲ ಅನ್ನೋದೇ ತೊಡಕು. ಕಾಣದೇ ಹೋದ ಹಕ್ಕಿಗಳಲ್ಲಿ ಒಂದಿಷ್ಟು ಇಲ್ಲೇ ಇವೆ, ನಿಮ್ಮ ಕಿಟಕಿಯಿಂದ ಇಪ್ಪತ್ತು ಅಡಿ ದೂರದ ಮರದಲ್ಲೇ ಅಡಗಿ ಕೂತಿವೆ. ಇನ್ನೊಂದಿಷ್ಟು ತಮ್ಮ ಊರಿಗೆ ಹೊರಟುಹೋಗಿವೆ, ಮತ್ತೆ ಬರ್ತವೆ. ಮೂರನೆಯ ಗುಂಪು ನಿಜಕ್ಕೂ ಇಲ್ಲ. ಟವರ್ ವಿಚಾರವನ್ನು ಇಲ್ಲೇ ಮುಗಿಸಿಬಿಡೋಣ: ಅದು ಬಹಳ ಜನಪ್ರಿಯ ವಾದ, ಆದರೆ ಗಟ್ಟಿ ಸಾಕ್ಷ್ಯ ಸಿಕ್ಕಿಲ್ಲ. ಟವರನ್ನು ಬೈದರೆ ಒಂದು ಅನುಕೂಲ ಇದೆ, ನಮ್ಮ ಮನೆಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ.

ಮಧ್ಯಾಹ್ನದ ಕರ್ಫ್ಯೂ

ಮೊದಲು ಅಡಗಿರುವವರ ಕಥೆ.

ಹಕ್ಕಿಗೆ ಬೆವರು ಗ್ರಂಥಿ ಇಲ್ಲ. ನಾವು ಬಿಸಿಲಲ್ಲಿ ನಡೆದು ಬಂದರೆ ಶರ್ಟು ಒದ್ದೆಯಾಗುತ್ತೆ, ಆ ನೀರು ಆರುವಾಗ ಮೈ ತಂಪಾಗುತ್ತೆ. ಹಕ್ಕಿಗೆ ಆ ಸೌಲಭ್ಯ ಇಲ್ಲ. ಜತೆಗೆ ಅದರ ಮೈ ಶಾಖವೇ ನಮಗಿಂತ ಜಾಸ್ತಿ, ಹೆಚ್ಚುಕಡಿಮೆ 41 ಡಿಗ್ರಿ. ನಮಗೆ ಅಷ್ಟು ಜ್ವರ ಬಂದರೆ ಆಸ್ಪತ್ರೆಗೆ ಓಡಬೇಕು. ಅವುಗಳಿಗೆ ಅದು ಮಾಮೂಲು ದಿನ. ಅದರ ಮೇಲೆ ಪುಕ್ಕದ ಸ್ವೆಟರ್ ಬೇರೆ, ಮೇ ತಿಂಗಳಲ್ಲೂ ಬಿಚ್ಚುವಂತಿಲ್ಲ.

ಹೊರಗಿನ ಗಾಳಿ ತಂಪಾಗಿದ್ದಾಗ ಮೈಯ ಶಾಖ ತಾನಾಗಿ ಹೊರಗೆ ಹೋಗುತ್ತೆ. ಗಾಳಿಯೇ ಬಿಸಿಯಾದಾಗ ಉಳಿಯೋದು ಒಂದೇ ದಾರಿ: ಬಾಯಿ ತೆರೆದು ಏದುಸಿರು ಬಿಡೋದು. ಗಂಟಲು, ಶ್ವಾಸಕೋಶದ ತೇವ ಆವಿಯಾಗಿ ಹೋದಂತೆ ಮೈ ತಣಿಯುತ್ತೆ. ಮಧ್ಯಾಹ್ನ ಎರಡು ಗಂಟೆಗೆ ಕಾಂಪೌಂಡ್ ಗೋಡೆ ಮೇಲೆ ಕೊಕ್ಕು ತೆರೆದು, ರೆಕ್ಕೆಯನ್ನು ಮೈಯಿಂದ ಸ್ವಲ್ಪ ದೂರ ಹಿಡಿದು ಪೆಚ್ಚಾಗಿ ಕೂತ ಕಾಗೆಯನ್ನು ನೋಡಿರ್ತೀರಿ. ಅದು ಯಾರನ್ನೋ ಬೈಯೋಕೆ ಬಾಯಿ ತೆರೆದಿಲ್ಲ, ಅದರ ಎ.ಸಿ. ಆನ್ ಆಗಿದೆ, ಅಷ್ಟೇ. ಪಾರಿವಾಳ, ಗೂಬೆ, ನೀರುಕಾಗೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗಂಟಲಿನ ಚರ್ಮವನ್ನೇ ಪಟಪಟ ಬಡಿಯುತ್ತವೆ.

ಈ ಎ.ಸಿ.ಗೆ ಬಿಲ್ ನೀರಿನ ರೂಪದಲ್ಲಿ ಬರುತ್ತೆ. ಹಕ್ಕಿ ಚಿಕ್ಕದಾದಷ್ಟೂ ಬಿಲ್ ಭಾರ. ನಿಮ್ಮ ದಾಸವಾಳದ ಗಿಡಕ್ಕೆ ಬರುವ ಸೂರಕ್ಕಿಯ ತೂಕ ಎಂಟು ಗ್ರಾಂ ಆಸುಪಾಸು. ಅಷ್ಟು ಪುಟ್ಟ ಮೈಯಲ್ಲಿ ಎಷ್ಟು ನೀರು ಇದ್ದೀತು? ಹಾಗಾಗಿ ಬುದ್ಧಿವಂತ ಹಕ್ಕಿ ಮಾಡೋದು ಒಂದೇ, ಹಾರಾಟ ಬಂದ್. ದಟ್ಟ ಎಲೆಯ ಮರದ ಒಳಕೊಂಬೆಯಲ್ಲಿ, ಕಾಂಡಕ್ಕೆ ಹತ್ತಿರ, ಕದಲದೆ ಕೂರುತ್ತೆ. ಹಾಡೋದೂ ಇಲ್ಲ, ಹಾಡಿದರೂ ಉಸಿರಿನ ಜತೆ ನೀರು ಖರ್ಚು. ನಾವು ಬಿಸಿಲಿಗೆ ಕಿಟಕಿ ಹಾಕಿ, ಫ್ಯಾನ್ ಐದಕ್ಕೆ ತಿರುಗಿಸಿ, ಹೆಡ್‌ಫೋನ್ ಹಾಕಿಕೊಂಡು ಕಾಲ್‌ನಲ್ಲಿ ಕೂತಿರ್ತೀವಿ. ಅವು ಕಾಣಲ್ಲ, ನಮಗೆ ಕೇಳಲ್ಲ. ಮುಗೀತಲ್ಲ ಲೆಕ್ಕ.

ಪರೀಕ್ಷೆ ಮಾಡೋದು ಸುಲಭ. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಲ್ಲಿ ಸೂರ್ಯ ಹುಟ್ಟೋದು ಆರು ಗಂಟೆ ಸುಮಾರಿಗೆ. ಐದೂ ಮುಕ್ಕಾಲಿಗೆ ಬಾಲ್ಕನಿಗೆ ಬನ್ನಿ. ಕೋಗಿಲೆ ಆಗಲೇ ಶುರು ಮಾಡಿರುತ್ತೆ. ಮಡಿವಾಳ ಹಕ್ಕಿ ಕೇಬಲ್ ತಂತಿಯ ಮೇಲೆ ಕೂತು ಸಿಳ್ಳೆ ಹಾಕ್ತಿರುತ್ತೆ. ಪಿಕಳಾರಗಳ ಜೋಡಿ, ಗೊರವಂಕಗಳ ಜಗಳ, ದೂರದಲ್ಲೆಲ್ಲೋ ಕುಟ್ರ ಹಕ್ಕಿಯ ಕುಟ್ರೂ ಕುಟ್ರೂ. ಎಂಟೂವರೆ ಹೊತ್ತಿಗೆ ಸದ್ದು ಇಳಿಯುತ್ತೆ. ನಮ್ಮ ಸ್ಟ್ಯಾಂಡ್-ಅಪ್ ಮೀಟಿಂಗ್ ಶುರುವಾಗೋ ಹೊತ್ತಿಗೆ ಅವುಗಳ ಬೆಳಗಿನ ಶಿಫ್ಟು ಮುಗಿದಿರುತ್ತೆ. ಮತ್ತೆ ಹೊರಗೆ ಬರೋದು ಸಂಜೆ ಐದರ ಮೇಲೆ. ಕಲಬುರಗಿ, ರಾಯಚೂರು ಕಡೆಯಾದರೆ ಈ ಟೈಮ್‌ಟೇಬಲ್ ಇನ್ನೂ ಬಿಗಿ. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆಲ್ಲ ಕರ್ಫ್ಯೂ.

ಇಷ್ಟು ಕೇಳಿ ಸಮಾಧಾನ ಆಗಬಹುದು. ಆದರೆ ಅಡಗಿ ಕೂರೋದು ಪುಕ್ಕಟೆ ಅಲ್ಲ. ದಕ್ಷಿಣ ಆಫ್ರಿಕಾದ ಕಲಹರಿಯಲ್ಲಿ ನಮ್ಮ ಹರಟೆಮಲ್ಲನ ದೂರದ ದಾಯಾದಿ ಒಂದಿದೆ, ಕಪ್ಪು-ಬಿಳುಪಿನ ಪೈಡ್ ಬ್ಯಾಬ್ಲರ್. ಸಂಶೋಧಕರು ಅದರ ತೂಕವನ್ನು ದಿನಾ ನೋಡಿದರು. ಹಗಲಿನ ಗರಿಷ್ಠ ಉಷ್ಣಾಂಶ 35.5 ಡಿಗ್ರಿ ದಾಟಿದ ದಿನಗಳಲ್ಲಿ, ರಾತ್ರಿ ಕಳಕೊಳ್ಳುವಷ್ಟು ತೂಕವನ್ನು ಹಗಲಲ್ಲಿ ತಿಂದು ತುಂಬಿಕೊಳ್ಳಲು ಅದಕ್ಕೆ ಆಗುತ್ತಿರಲಿಲ್ಲ. ಹುಳ ಹುಡುಕುತ್ತಿದ್ದರೂ ಅಷ್ಟೇ. ಏದುಸಿರು ಬಿಡುತ್ತಾ ನೆಲ ಕೆದಕಿದರೆ ಸಿಗೋದು ಕಡಿಮೆ. ನಮ್ಮ ಹಕ್ಕಿಗಳ ಗೆರೆ ಸರಿಯಾಗಿ ಅದೇ ಡಿಗ್ರಿಯಲ್ಲಿ ಇರಬೇಕೆಂದೇನಿಲ್ಲ. ಆದರೆ ಒಂದೊಂದು ಹಕ್ಕಿಗೂ ಅಂಥ ಒಂದು ಗೆರೆ ಇರುತ್ತೆ. ಒಂದು ದಿನ ದಾಟಿದರೆ ತಡೆದುಕೊಳ್ಳುತ್ತೆ. ಹತ್ತು ದಿನ ಸತತವಾಗಿ ದಾಟಿದರೆ?

ಬೆಂಗಳೂರಿನವರಿಗೆ 2024ರ ಬೇಸಿಗೆ ನೆನಪಿರಬೇಕು. ಆ ಏಪ್ರಿಲ್ 28ರಂದು 38.5 ಡಿಗ್ರಿ. ಅದಕ್ಕೂ ಮೊದಲು 2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿತ್ತು. 2024ರ ಏಪ್ರಿಲ್ ಇಡೀ ತಿಂಗಳು ನಗರದ ಹವಾಮಾನ ವೀಕ್ಷಣಾಲಯದಲ್ಲಿ ಮಳೆಯೇ ದಾಖಲಾಗಲಿಲ್ಲ, ನಾಲ್ಕು ದಶಕಗಳಲ್ಲಿ ಇಂಥದ್ದು ಮೊದಲ ಸಲ. ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಎರಡು-ಮೂರು ಸಂಜೆಯಾದರೂ ಗುಡುಗಿ ಸುರಿಯಬೇಕಾದ ಊರು ಇದು.

ರಜಕ್ಕೆ ಊರಿಗೆ ಹೋದವರು

ಎರಡನೇ ಗುಂಪಿನ ಬಗ್ಗೆ ಜಾಸ್ತಿ ಚಿಂತೆ ಬೇಡ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ನಮ್ಮ ಮರಗಳಲ್ಲಿ ಬಾಡಿಗೆಗೆ ಇರೋರು ಅನೇಕರು. ಕೆರೆ ಏರಿ, ಪಾರ್ಕಿಂಗ್ ಜಾಗದಲ್ಲಿ ಬಾಲ ಕುಣಿಸುತ್ತಾ ಓಡಾಡುವ ಚಳಿಗಾಲದ ಕುಂಡೆಕುಸ್ಕಗಳು, ತಂತಿಯ ಮೇಲೆ ಸಾಲಾಗಿ ಕೂರುವ ಕವಲುತೋಕೆಗಳು, ಉತ್ತರ ಕರ್ನಾಟಕದ ಜೋಳದ ಹೊಲಗಳ ಮೇಲೆ ಮೋಡದಂತೆ ಹೊರಳುವ ಗುಲಾಬಿ ಕಬ್ಬಕ್ಕಿಗಳು, ಎಲೆಗಳ ನಡುವೆ ಚಿವೀ ಅನ್ನೋದು ಕೇಳಿಸಿದರೂ ಕಣ್ಣಿಗೆ ಸಿಗದ ಗ್ರೀನಿಶ್ ವಾರ್ಬ್ಲರ್. ಬಿಸಿಲು ಏರುತ್ತಿದ್ದಂತೆ ಇವೆಲ್ಲ ಹಿಮಾಲಯ, ಮಧ್ಯ ಏಷ್ಯಾ, ಇನ್ನೂ ಉತ್ತರಕ್ಕೆ ಮರಿ ಮಾಡಲು ಹೊರಡುತ್ತವೆ. ನೀವು ಫೆಬ್ರವರಿಯಲ್ಲಿ ಎಣಿಸಿದ್ದನ್ನು ಮೇ ತಿಂಗಳ ಎಣಿಕೆ ಜತೆ ಹೋಲಿಸಿದರೆ ಕಡಿಮೆ ಬಂದೇ ಬರುತ್ತೆ. ಹೋಲಿಸೋದಾದರೆ ಹೋದ ವರ್ಷದ ಮೇ ಜತೆ ಹೋಲಿಸಿ.

ಇಲ್ಲೇ ಉಳಿಯುವ ಹಕ್ಕಿಗಳಲ್ಲೂ ಒಂದಿಷ್ಟು ಜಾಗ ಬದಲಿಸುತ್ತವೆ. ಎರಡು ರಸ್ತೆ ಆಚೆ ಒಂದು ಅತ್ತಿ ಮರ ಹಣ್ಣು ಬಿಟ್ಟಿದ್ದರೆ ನಿಮ್ಮ ಬೀದಿಯ ಕುಟ್ರ, ಗಿಳಿ, ಗೊರವಂಕ ಎಲ್ಲ ಅಲ್ಲಿ. ಬೇಸಿಗೆಯಲ್ಲಿ ಹಣ್ಣು ಬಿಟ್ಟ ಒಂದು ಆಲವೋ ಅರಳಿಯೋ ಅಂದರೆ ಆ ಏರಿಯಾಕ್ಕೆ ಅದೇ ದರ್ಶಿನಿ. ಮರದ ಕೆಳಗೆ ನಿಂತು ತಲೆ ಎತ್ತುವ ಮುಂಚೆ ನೆಲ ನೋಡಿ. ಅರ್ಧ ಕಚ್ಚಿದ ಹಣ್ಣು, ಬಿಳಿ ಹಿಕ್ಕೆ, ಒಂದೆರಡು ಪುಕ್ಕ ಇದ್ದರೆ ಮೇಲೆ ಗಿರಾಕಿಗಳಿದ್ದಾರೆ ಅಂತ ಅರ್ಥ.

ಇನ್ನೊಂದು ಕಾರಣ ಗೂಡು. ನಮ್ಮ ಕಡೆಯ ಬಹಳಷ್ಟು ಹಿತ್ತಲ ಹಕ್ಕಿಗಳಿಗೆ ಬೇಸಿಗೆಯೇ ಬಾಣಂತನದ ಕಾಲ. ಸಿಂಪಿಗ ಎರಡು ಎಲೆ ಹೊಲಿದು ಒಳಗೆ ಕೂತಿರುತ್ತೆ. ಪಿಕಳಾರ ನಿಮ್ಮ ಮನೆಯ ಮನಿಪ್ಲಾಂಟಿನ ಬಳ್ಳಿಯ ನಡುವೆಯೇ ಬಟ್ಟಲಿನಂಥ ಗೂಡು ಕಟ್ಟಿರಬಹುದು. ಎರಡು ವಾರದಷ್ಟು ಕಾಲ ಕಾವು, ಆಮೇಲೆ ಮರಿ. ಗೂಡಿನ ಹತ್ತಿರ ಸದ್ದು ಮಾಡಿದರೆ ಕಾಗೆ, ಬೆಕ್ಕಿಗೆ ವಿಳಾಸ ಕೊಟ್ಟ ಹಾಗೆ. ಅದಕ್ಕೇ ಫೆಬ್ರವರಿಯಲ್ಲಿ ಗದ್ದಲ ಮಾಡುತ್ತಿದ್ದ ಜೋಡಿ ಏಪ್ರಿಲ್‌ನಲ್ಲಿ ಕಳ್ಳಹೆಜ್ಜೆ ಇಡುತ್ತೆ. ಬಿಸಿಲು ಗೂಡಿಗೆ ನೇರ ಬಿದ್ದರೆ ತಾಯಿ ಮೊಟ್ಟೆಗೆ ಕಾವು ಕೊಡುವ ಬದಲು ರೆಕ್ಕೆ ಹರಡಿ ನೆರಳು ಕೊಡುತ್ತಾ ನಿಲ್ಲುತ್ತೆ, ತಾನು ಮಾತ್ರ ಬಾಯಿ ತೆರೆದುಕೊಂಡು.

ಕೋಗಿಲೆ ಒಂದೇ ಇಷ್ಟೊಂದು ಕೂಗೋದು ಯಾಕೆ ಅಂದರೆ ಅದಕ್ಕೆ ಈ ತಾಪತ್ರಯ ಯಾವುದೂ ಇಲ್ಲ. ಗೂಡು ಕಟ್ಟೋದು, ಕಾವು ಕೊಡೋದು, ಮರಿಗೆ ತಿನ್ನಿಸೋದು ಎಲ್ಲವನ್ನೂ ಕಾಗೆಗೆ ಔಟ್‌ಸೋರ್ಸ್ ಮಾಡಿದೆ.

ಪಾತ್ರೆ ಕಟ್ಟೆಯ ಕೆಳಗೆ

ಈಗ ಮೂರನೆಯದು. ಇಲ್ಲಿ ಸ್ವಲ್ಪ ನಿಲ್ಲೋಣ.

ನಮ್ಮ ಅಜ್ಜಿಮನೆಗಳಲ್ಲಿ, ಅದು ತಿಪಟೂರೋ ಗದಗೋ ಸಾಗರವೋ ಯಾವುದೇ ಇರಲಿ, ಬೇಸಿಗೆಯಲ್ಲಿ ಹಿತ್ತಲಲ್ಲಿ ಒಂದು ಜಾಗ ಮಾತ್ರ ಒಣಗುತ್ತಿರಲಿಲ್ಲ. ಬಚ್ಚಲ ನೀರು ಹರಿದುಹೋಗುವ ಜಾಗ. ಸ್ನಾನದ ನೀರು, ಬಟ್ಟೆ ಒಗೆದ ನೀರು ಗೋಡೆಯ ತೂತಿನಿಂದ ಹೊರಬಂದು ಬಾಳೆ ಬುಡಕ್ಕೆ, ಅಲ್ಲಿಂದ ಕೆಸುವಿನ ಗಿಡಕ್ಕೆ, ಮಿಕ್ಕಿದ್ದು ಕನಕಾಂಬರದ ಪಾತಿಗೆ. ಅದರ ಪಕ್ಕ ಪಾತ್ರೆ ತೊಳೆಯುವ ಕಲ್ಲು. ಅಲ್ಲಿ ಬೂದಿ, ತೆಂಗಿನ ನಾರು, ಜತೆಗೆ ಸದಾ ಒಂದಿಷ್ಟು ಅನ್ನದ ಅಗುಳು. ಬೆಳಿಗ್ಗೆ ತುಳಸಿಕಟ್ಟೆಗೆ ಒಂದು ಚೊಂಬು ನೀರು. ಅಕ್ಕಿ ಕೇರುವಾಗ ಮೊರದಿಂದ ಹಾರಿದ ನುಚ್ಚು. ಕೊಟ್ಟಿಗೆ ಇದ್ದ ಮನೆಯಲ್ಲಿ ದನಕ್ಕೆ ಕಲ್ಲಿನ ಬಾನಿ, ಅದರ ಅಂಚಿನಲ್ಲಿ ಕೂತು ಬಗ್ಗಿ ಕುಡಿಯುವ ಗೊರವಂಕ. ಮಾಳಿಗೆ ಮೇಲೆ ಸಂಡಿಗೆ ಹಪ್ಪಳ ಒಣಗಲು ಹಾಕಿ, ಕಾಗೆ ಕಾಯೋ ಡ್ಯೂಟಿ ಮಕ್ಕಳಿಗೆ. ಕಪ್ಪು ಕೊಡೆ ಬಿಚ್ಚಿಟ್ಟರೂ ಕಾಗೆ ಬಂದು ತನ್ನ ಪಾಲು ತಗೊಂಡೇ ಹೋಗ್ತಿತ್ತು.

ಯಾರೂ ಹಕ್ಕಿಗೆ ಅಂತ ಇದನ್ನೆಲ್ಲ ಮಾಡಿದ್ದಲ್ಲ. ಹಾದಿಹೋಕರಿಗೆ ಅರವಟ್ಟಿಗೆ ಇಟ್ಟವರು ಪುಣ್ಯಕ್ಕೆಂದು ಇಟ್ಟರು, ಸರಿ. ಹಕ್ಕಿಗಳ ಅರವಟ್ಟಿಗೆ ಮಾತ್ರ ಮನೆಗೆಲಸದ ಸೋರಿಕೆಯಿಂದ ತಾನಾಗಿ ನಡೀತಿತ್ತು. ಒದ್ದೆ ಮಣ್ಣಿದ್ದಲ್ಲಿ ಎರೆಹುಳು, ಸೊಳ್ಳೆ, ಸಣ್ಣ ನೊಣ, ಗೆದ್ದಲು. ಬಾಳೆ ಎಲೆಯ ಕೆಳಗೆ ನೆರಳು. ನೀರು, ನೆರಳು, ಹುಳ ಮೂರೂ ಒಂದೇ ಹತ್ತಡಿ ಜಾಗದಲ್ಲಿ. ಸುತ್ತ ಇಡೀ ಊರು ಒಣಗಿದ್ದರೂ ಗುಬ್ಬಿಗೆ ಬೇಸಿಗೆ ದಾಟಲು ಅಷ್ಟು ಸಾಕಿತ್ತು.

"ಆ ಕಾಲ ಎಷ್ಟು ಚೆನ್ನಾಗಿತ್ತು" ಅನ್ನೋ ರಾಗ ಎಳೆಯೋಕೆ ಇದನ್ನು ಬರೀತಿಲ್ಲ. ಆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕಿ ಸೊಂಟ ಹಾಳು ಮಾಡಿಕೊಂಡವರನ್ನು ಕೇಳಿ, ಸಿಂಕ್ ಬಂದಿದ್ದು ಎಂಥ ಬಿಡುಗಡೆ ಅಂತ ಹೇಳ್ತಾರೆ. ವಾಷಿಂಗ್ ಮೆಷಿನ್ ಬೇಡ ಅನ್ನೋ ಧೈರ್ಯ ನನಗಂತೂ ಇಲ್ಲ. ಆದರೆ ಸಿಂಕಿನಿಂದ ಪೈಪಿಗೆ, ಪೈಪಿನಿಂದ ಒಳಚರಂಡಿಗೆ ನೀರು ಮುಚ್ಚಿಕೊಂಡು ಹೋಗಲು ಶುರುವಾದಾಗ ಹಕ್ಕಿಯ ಪಾಲು ಅದರ ಜತೆಗೇ ಹೋಯ್ತು. ಹಿತ್ತಲಿಗೆ ಟೈಲ್ಸ್ ಬಂತು. ಹೆಂಚಿನ ಸಂದು, ಗೋಡೆಯ ಫೋಟೋ ಹಿಂದಿನ ಜಾಗ ಹೋಯ್ತು.

ನಗರದ ಹಕ್ಕಿಗಳು ಅದಕ್ಕೂ ಹೊಂದಿಕೊಂಡವು ಅನ್ನೋದು ವಿಶೇಷ. ಓವರ್‌ಹೆಡ್ ಟ್ಯಾಂಕ್ ತುಂಬಿ ಸುರಿಯೋದು, ಕಾರು ತೊಳೆದ ನೀರು ರಸ್ತೆ ಬದಿ ನಿಲ್ಲೋದು, ಸೋರುವ ನಲ್ಲಿ, ಹುಲ್ಲುಹಾಸಿನ ಸ್ಪ್ರಿಂಕ್ಲರ್, ಇವೆಲ್ಲ ಹೊಸ ಬಚ್ಚಲು. ಅಂದರೆ ನಮ್ಮ ಪೋಲಿನ ಮೇಲೆ ಅವುಗಳ ಬದುಕು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆಯೋದು, ಗಿಡಗಳಿಗೆ ಹಾಕೋದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಮನುಷ್ಯರ ಲೆಕ್ಕದಲ್ಲಿ ಅದು ಸರಿಯಾದ ಆದೇಶ. ಬಕೆಟ್ ನೀರಿಗೆ ಕ್ಯೂ ನಿಂತವರಿರುವ ಊರಲ್ಲಿ ಕಾರಿಗೆ ಅಭಿಷೇಕ ಯಾಕೆ? ಆದರೆ ಬೋರ್‌ವೆಲ್ ಬತ್ತಿ, ಪಾರ್ಕು ಒಣಗಿ, ಟ್ಯಾಂಕು ತುಂಬಿ ಹರಿಯೋದೇ ನಿಂತ ಬೀದಿಯಲ್ಲಿ ಒಂದು ಪಿಕಳಾರ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಅನ್ನೋ ಪ್ರಶ್ನೆ ಯಾವ ಆದೇಶದಲ್ಲೂ ಬರಲ್ಲ. ಬೇಸಿಗೆ ಬಿಸಿಯಾದಷ್ಟೂ ಹಕ್ಕಿಗೆ ನೀರು ಜಾಸ್ತಿ ಬೇಕು, ನಾವು ಸರಿಯಾಗಿ ಅದೇ ಹೊತ್ತಿಗೆ ನಲ್ಲಿ ಬಿಗಿ ಮಾಡ್ತೀವಿ.

ಎತ್ತರದಲ್ಲಿ ಹಾರುವ ಹದ್ದುಗಳಿಗೂ ಇದು ತಪ್ಪಿದ್ದಲ್ಲ. 2022ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ದಿನವೂ ಹಕ್ಕಿಗಳು ನಿತ್ರಾಣಗೊಂಡು ಆಕಾಶದಿಂದ ಬೀಳುತ್ತಿದ್ದವು. ಅಲ್ಲಿನ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಸಿರಿಂಜಿನಿಂದ ಅವುಗಳ ಬಾಯಿಗೆ ನೀರು ಬಿಡುತ್ತಿದ್ದ ಚಿತ್ರ ನೀವೂ ನೋಡಿರಬಹುದು.

ಮರಿ ಬಟ್ಟಲಿನ ಹತ್ತಿರ ಬರಲ್ಲ

ಹಾಗಾದರೆ ಬಾಲ್ಕನಿಯಲ್ಲಿ ನೀರಿಟ್ಟರೆ ಆಯ್ತಲ್ಲ? ಅರ್ಧ ಆಯ್ತು.

ಗೂಡಿನಲ್ಲಿರುವ ಮರಿ ನಿಮ್ಮ ಬಟ್ಟಲಿನವರೆಗೆ ಬರೋಕೆ ಆಗಲ್ಲ. ನಮ್ಮ ಹಿತ್ತಲ ಸಣ್ಣ ಹಕ್ಕಿಗಳು ಸಾಮಾನ್ಯವಾಗಿ ಮರಿಗೆ ನೀರು ಹೊತ್ತು ತರೋದೂ ಇಲ್ಲ. ಮರಿಗೆ ನೀರು ಸಿಗೋದು ಊಟದಲ್ಲೇ. ಊಟ ಅಂದರೆ ಹುಳ. ಕಾಳು ತಿನ್ನುವ ಗುಬ್ಬಿ, ಮಕರಂದ ಹೀರುವ ಸೂರಕ್ಕಿ, ಹಣ್ಣು ತಿನ್ನುವ ಪಿಕಳಾರ, ಎಲ್ಲವೂ ಮರಿಗೆ ಮಾತ್ರ ಮೆತ್ತನೆಯ ಕಂಬಳಿಹುಳ, ಜೇಡ, ಸಣ್ಣ ಕೀಟಗಳನ್ನೇ ತಂದು ಕೊಡುತ್ತವೆ. ರಸಭರಿತ ಹಸಿರು ಹುಳ ಅಂದರೆ ಆ ಮರಿಗೆ ಅನ್ನವೂ ಅದೇ, ಎಳನೀರೂ ಅದೇ. ಮಳೆ ಇಲ್ಲ ಅಂದರೆ ಎಳೆ ಚಿಗುರಿಲ್ಲ, ಚಿಗುರಿಲ್ಲ ಅಂದರೆ ಹುಳ ಇಲ್ಲ. ತಾಯಿ ನಿಮ್ಮ ಬಟ್ಟಲಲ್ಲಿ ನೀರು ಕುಡಿದು ಬದುಕುತ್ತೆ. ಗೂಡಿನಲ್ಲಿ ಮೂರು ಮರಿಯ ಬದಲು ಒಂದು ಹಾರುತ್ತೆ, ಅಥವಾ ಅದೂ ಇಲ್ಲ. ನಮಗೆ ಇದು ಕಾಣಿಸೋದೇ ಇಲ್ಲ, ಯಾಕಂದರೆ ದೊಡ್ಡ ಹಕ್ಕಿ ಅಲ್ಲೇ ತಂತಿಯ ಮೇಲೆ ಇರುತ್ತಲ್ಲ. ಮುಂದಿನ ಬೇಸಿಗೆಯೂ ಹಾಗೇ ಆಗಿ, ಆಮೇಲೊಂದು ವರ್ಷ ಆ ತಂತಿ ಖಾಲಿಯಾದಾಗ ನಾವು "ಈ ಸಲ ಬಿಸಿಲು ಜಾಸ್ತಿ" ಅಂತೀವಿ.

ಪಾರಿವಾಳಗಳು ಮಾತ್ರ ಎಷ್ಟೇ ಬಿಸಿಲಿದ್ದರೂ ಕಡಿಮೆ ಆಗಲ್ಲವಲ್ಲ, ಗಮನಿಸಿದ್ದೀರಾ? ಕಾರಣ ಇಲ್ಲೇ ಇದೆ. ಪಾರಿವಾಳ ತನ್ನ ಗಂಟಲ ಚೀಲದಲ್ಲಿ ಹಾಲಿನಂಥ ಒಂದು ದ್ರವ ತಯಾರಿಸಿ ಮರಿಗೆ ಕುಡಿಸುತ್ತೆ. ಅದಕ್ಕೆ ಹುಳದ ಹಂಗಿಲ್ಲ. ಸ್ವಲ್ಪ ಕಾಳು, ಸ್ವಲ್ಪ ನೀರು, ಎ.ಸಿ. ಯೂನಿಟ್ಟಿನ ಹಿಂದೆ ಒಂದಡಿ ಜಾಗ ಇದ್ದರೆ ಸಂಸಾರ ಸುಸೂತ್ರ. ಒಂದೂ ಹುಳ ಇಲ್ಲದ ಗಾಜು-ಕಾಂಕ್ರೀಟಿನ ಊರನ್ನು ನಾವು ಕಟ್ಟಿದೆವು, ಅದಕ್ಕೆ ಹೊಂದುವ ಹಕ್ಕಿಯೇ ಬಂದು ಸೇರಿಕೊಂಡಿತು.

ದೇಶದ ಲೆಕ್ಕವೂ ಇದನ್ನೇ ಹೇಳುತ್ತೆ. ಸಾವಿರಾರು ಹವ್ಯಾಸಿಗಳು ಇ-ಬರ್ಡ್‌ನಲ್ಲಿ ದಾಖಲಿಸಿದ ಮಾಹಿತಿಯಿಂದ 2023ರಲ್ಲಿ ಸಿದ್ಧವಾದ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿಯಲ್ಲಿ, ದೀರ್ಘಕಾಲದ ಏರಿಳಿತ ಲೆಕ್ಕ ಹಾಕಲು ಸಾಧ್ಯವಾದ 338 ಜಾತಿಗಳಲ್ಲಿ ಶೇ 60ರಷ್ಟು ಇಳಿಮುಖ. ಪಾರಿವಾಳ, ನವಿಲು, ಕೋಗಿಲೆ ಏರುಮುಖ. ಗುಬ್ಬಿ ದೇಶದ ಮಟ್ಟದಲ್ಲಿ ಹೆಚ್ಚುಕಡಿಮೆ ಸ್ಥಿರ, ಆದರೆ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಇಳಿದಿದೆ ಅಂತ 2020ರ ವರದಿ ಹೇಳಿತ್ತು. ಬಿಸಿಲು ಒಂದೇ ಕಾರಣ ಆಗಿದ್ದರೆ ಬೆಂಗಳೂರಿಗಿಂತ ಕಲಬುರಗಿಯ ಹಳ್ಳಿಗಳಲ್ಲಿ ಗುಬ್ಬಿ ಮೊದಲು ಮಾಯ ಆಗಬೇಕಿತ್ತು.

ಬಟ್ಟಲಿಡಿ, ಜತೆಗೆ ಎಲೆ ಬಿಡಿ

ನೀರು ಇಡಲೇಬೇಡಿ ಅಂತಲ್ಲ. ಇಡಿ, ಆದರೆ ಸರಿಯಾಗಿ. ಹೂಕುಂಡದ ಕೆಳಗಿಡುವ ಅಗಲದ ಮಣ್ಣಿನ ತಟ್ಟೆ ಬಹಳ ಒಳ್ಳೆಯದು, ಒರಟಾಗಿರುತ್ತೆ, ಕಾಲು ಜಾರಲ್ಲ, ನೀರೂ ತಂಪು. ಸ್ಟೀಲು, ಪ್ಲಾಸ್ಟಿಕ್ ಬಿಸಿಲಿಗೆ ಕಾದು ಕೂರುತ್ತೆ. ಆಳ ಎರಡು ಇಂಚು ದಾಟಬಾರದು, ಮಧ್ಯೆ ಒಂದೆರಡು ಕಲ್ಲು ಹಾಕಿದರೆ ಸೂರಕ್ಕಿಯಂಥ ಸಣ್ಣವಕ್ಕೂ ನಿಲ್ಲೋಕೆ ಜಾಗ. ನೆರಳಲ್ಲಿಡಿ, ಗಿಡದಿಂದ ಆರೇಳು ಅಡಿ ದೂರದಲ್ಲಿ: ಬೆದರಿದರೆ ಹಾರಿ ಒಳಸೇರಲು ಗಿಡ ಹತ್ತಿರ ಇರಬೇಕು, ಬೆಕ್ಕು ಅಡಗಿ ಹಾರುವಷ್ಟು ಹತ್ತಿರ ಇರಬಾರದು. ದಿನಾ ನೀರು ಬದಲಿಸಿ. ವಾರಕ್ಕೆ ಎರಡು ಸಲ ತಟ್ಟೆಯನ್ನು ಬ್ರಷ್‌ನಲ್ಲಿ ತಿಕ್ಕಿ, ಯಾಕಂದರೆ ಡೆಂಗಿ ಸೊಳ್ಳೆಯ ಮೊಟ್ಟೆ ಪಾತ್ರೆಯ ಅಂಚಿಗೆ ಅಂಟಿರುತ್ತೆ, ಬರೀ ನೀರು ಚೆಲ್ಲಿದರೆ ಹೋಗಲ್ಲ. ಸಕ್ಕರೆ, ಗ್ಲೂಕೋಸ್, ಓ.ಆರ್.ಎಸ್. ಏನೂ ಬೇಡ. ಕುಡಿಯುವ ನೀರೇ ಆಗಬೇಕೆಂದಿಲ್ಲ, ಆರ್.ಓ. ಫಿಲ್ಟರಿನಿಂದ ಹೊರಬೀಳುವ ನೀರನ್ನು ಗಿಡದ ಬುಡಕ್ಕೆ ಹಾಕಿ, ತಟ್ಟೆಗೆ ಮಾಮೂಲಿ ನಲ್ಲಿ ನೀರು ಸಾಕು.

ಕಾಳು ಸುರಿಯೋದು ಬೇಡ. ಬರೋದು ಪಾರಿವಾಳ ಮಾತ್ರ, ಒಂದಕ್ಕೆ ಹತ್ತಾಗಿ. ಅದರ ಒಣ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮನೆಯಲ್ಲಿ ವಯಸ್ಸಾದವರಿದ್ದರೆ ಇನ್ನೂ ಕಷ್ಟ.

ಇನ್ನು ಹುಳದ ವಿಚಾರ. ನಿಮ್ಮ ಕುಂಡದ ಕರಿಬೇವಿನ ಎಲೆಯಲ್ಲಿ ಹಸಿರು ಹುಳ ಕಂಡಾಗ ಅಮ್ಮ ಸ್ಪ್ರೇ ಹುಡುಕ್ತಾರೆ. ಸ್ವಲ್ಪ ತಡೀರಿ ಅನ್ನಿ. ಅದು ಚಿಟ್ಟೆ ಆಗಬಹುದು, ಇಲ್ಲಾ ಸಿಂಪಿಗದ ಮರಿಗೆ ಊಟ ಆಗಬಹುದು. ಸಾರಿಗೆ ನಾಲ್ಕು ಎಲೆ ಕಡಿಮೆ, ಅಷ್ಟೇ ತಾನೇ. ಕಾಂಪೌಂಡಿನಲ್ಲಿ ಗಿಡ ನೆಡುವ ಮಾತು ಬಂದರೆ ಹೊಂಗೆ, ಅತ್ತಿ, ಬೇವು ಕೇಳಿ. ಹೊಂಗೆ ಸುಡುಬಿಸಿಲಿನ ತಿಂಗಳಲ್ಲೇ ಹೊಸ ಎಲೆ ಬಿಟ್ಟು ಹೂ ತುಂಬಿ ನಿಲ್ಲುತ್ತೆ, ಅದರ ನೆರಳಿನ ತಂಪಿನ ಬಗ್ಗೆ ಹಳೆಯವರನ್ನು ಕೇಳಬೇಕು. ಜಾಗ ಕಮ್ಮಿ ಇದ್ದರೆ ಗಸಗಸೆ ಹಣ್ಣಿನ ಮರ. ಹೊರದೇಶದ್ದೇ, ಆದರೂ ಪಿಕಳಾರ, ಕುಟ್ರ, ಬದನಿಕೆ ಹಕ್ಕಿಗಳು ವರ್ಷವಿಡೀ ಅದಕ್ಕೆ ಮುಗಿಬೀಳುತ್ತವೆ.

ಎಲ್ಲಕ್ಕಿಂತ ಅಗ್ಗದ ಕೆಲಸ ಅಂದರೆ ಏನನ್ನೂ ಮಾಡದಿರೋದು. ನಮ್ಮ ಕಾಂಪ್ಲೆಕ್ಸಿನ ಮಾಲಿ ಒಮ್ಮೆ ಹೇಳಿದ್ದು: "ಎಲೆ ಬಿಟ್ರೆ 'ಏನಪ್ಪಾ ಇವತ್ತು ಗುಡಿಸಿಲ್ವಾ' ಅಂತಾರೆ ಮೇಡಂ. ಹಿಂದಿನ ಗೋಡೆ ಮೂಲೇಲಿ ಎರಡು ವಾರ ಹಂಗೇ ಬಿಟ್ಟಿದ್ದೆ. ಆ ಕಚಕಚ ಅನ್ನೋ ಹಕ್ಕಿಗಳು ಗುಂಪುಗುಂಪಾಗಿ ಬಂದು ಕೆದಕ್ತಿದ್ವು. ಆಮೇಲೆ ಕ್ಲೀನ್ ಮಾಡಿಸಿಬಿಟ್ರು." ಅವರು ಹೇಳಿದ್ದು ಹರಟೆಮಲ್ಲಗಳನ್ನು. ಒಣ ಎಲೆಯ ರಾಶಿಯ ಕೆಳಗೆ ತೇವ ಉಳಿಯುತ್ತೆ, ತೇವದಲ್ಲಿ ಹುಳ. ಹಳೆಯ ಬಚ್ಚಲ ಬಾಯಿಗೆ ಇವತ್ತಿನ ಅಪಾರ್ಟ್‌ಮೆಂಟಿನಲ್ಲಿ ಸಿಗುವ ಅತಿ ಹತ್ತಿರದ ಬದಲಿ ಇದೇ. ಒಂದು ಮೂಲೆ, ಹತ್ತಡಿ ಜಾಗ. ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಎರಡು ನಿಮಿಷ ಇದನ್ನೂ ಎತ್ತಿ. ಮಳೆಗಾಲಕ್ಕೆ ಮುಂಚೆ ವಿದ್ಯುತ್ ತಂತಿಗೆ ತಾಗುವ ಕೊಂಬೆ ಕಡಿಯಲು ಬರುವವರಿಗೆ ಗೂಡಿರುವ ಕೊಂಬೆ ತೋರಿಸಿ, ಎರಡು ವಾರ ತಡೆದು ಕಡಿಯಲು ಸಾಧ್ಯವಾ ಅಂತ ಕೇಳಿನೋಡಿ. ಕೆಲವರು ಒಪ್ತಾರೆ.

ಏಪ್ರಿಲ್-ಮೇನಲ್ಲಿ ಮೋಟು ಬಾಲದ ಮರಿಯೊಂದು ನೆಲದ ಮೇಲೆ ಕುಪ್ಪಳಿಸೋದು ಕಂಡರೆ ಮನೆಗೆ ತರಬೇಡಿ. ಮೈತುಂಬ ಪುಕ್ಕ ಇದ್ದರೆ ಅದು ಹಾರಲು ಕಲಿಯುತ್ತಿದೆ, ತಂದೆತಾಯಿ ಹತ್ತಿರದಲ್ಲೇ ಇರುತ್ತವೆ. ಬೆಕ್ಕಿನ ಭಯ ಇದ್ದರೆ ಎತ್ತಿ ಪಕ್ಕದ ಪೊದೆಯ ಮೇಲಿಟ್ಟು ದೂರ ಬನ್ನಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತೆ ಅನ್ನೋದು ನಿಜವಲ್ಲ. ದೊಡ್ಡ ಹಕ್ಕಿ ರೆಕ್ಕೆ ಜೋಲಿಸಿ ಬಿದ್ದಿದ್ದರೆ ಮಾತು ಬೇರೆ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬದಲ್ಲಿ, ಕತ್ತಲೆ-ತಂಪಿನ ಜಾಗದಲ್ಲಿಟ್ಟು ನಿಮ್ಮೂರಿನ ವನ್ಯಜೀವಿ ರಕ್ಷಣಾ ತಂಡಕ್ಕೆ ಫೋನ್ ಮಾಡಿ. ಬಾಯಿಗೆ ನೀರು ಸುರಿಯಬೇಡಿ, ಅದು ಶ್ವಾಸನಾಳಕ್ಕೆ ಹೋಗಿ ಪ್ರಾಣಕ್ಕೇ ಕುತ್ತು. ಸಿರಿಂಜಿನ ಕೆಲಸ ಗೊತ್ತಿದ್ದವರಿಗೇ ಇರಲಿ.

ಕೊನೆಗೆ, ನಿಮ್ಮ ಮನೆಯ ಮುಂದೆ ಖಾಲಿಯಾಗಿರೋದು ಮೂರರಲ್ಲಿ ಯಾವುದು ಅಂತ ತಿಳಿಯಬೇಕಾದರೆ ಮೇ ತಿಂಗಳ ಯಾವುದಾದರೂ ಒಂದು ಭಾನುವಾರ ಬೆಳಿಗ್ಗೆ ಆರರಿಂದ ಆರೂಕಾಲು, ಹದಿನೈದೇ ನಿಮಿಷ, ಕಂಡಿದ್ದು ಕೇಳಿದ್ದು ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೆ ಮರ್ಲಿನ್ ಆ್ಯಪ್ ಕೂಗು ಕೇಳಿಸಿಕೊಂಡು ಹೇಳುತ್ತೆ, ತೇಜಸ್ವಿಯವರ 'ಹಕ್ಕಿಪುಕ್ಕ' ಮನೆಯಲ್ಲಿದ್ದರೆ ಇನ್ನೂ ಚೆನ್ನ. ಮತ್ತೊಮ್ಮೆ, ಮೊದಲ ದೊಡ್ಡ ಮಳೆ ಬಿದ್ದ ಮಾರನೇ ದಿನ ಎಣಿಸಿ. ಆ ಹೊತ್ತಿಗೆ ನೆಲದಿಂದ ರೆಕ್ಕೆ ಬಂದ ಗೆದ್ದಲು, ನಮ್ಮ ಈಸಲು ಹುಳ, ಹೊಗೆಯಂತೆ ಏಳುತ್ತೆ. ಕಾಜಾಣ, ಗೊರವಂಕ, ಕಾಗೆ, ಹದ್ದಿನವರೆಗೂ ಎಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಇಳಿಯುತ್ತವೆ. ಅಡಗಿದ್ದವರು ಯಾರು ಅಂತ ಅವತ್ತು ಗೊತ್ತಾಗುತ್ತೆ. ಅವತ್ತೂ ಬಾರದವರ ಹೆಸರನ್ನು ಬೇರೆ ಬರೆದಿಡಿ.